ಬೆಳ್ಳುಳ್ಳಿಗೆ ಕೊನೆಗಾಲದ ಯೂರಿಯಾ: ಅಂಗಡಿಯವರ ಮಾತು ನಂಬಬೇಡಿ

ಹಿಂಗಾರಿಗೆ ಬೆಳ್ಳುಳ್ಳಿ ಊರಿರುವವರು ಇದನ್ನೊಮ್ಮೆ ಓದಿ. ನಮ್ಮದು ಗದಗ ಕಡೆಯ ಎರೆಭೂಮಿ. ಹೋದ ಸಲ ಬೆಳೆಗೆ ಎರಡೂವರೆ ತಿಂಗಳಾಗಿತ್ತು. ಗೊಬ್ಬರದ ಅಂಗಡಿಯವರು, ‘ಗಡ್ಡೆ ದಪ್ಪ ಆಗಬೇಕಂದ್ರ ಎಕರೆಗೆ ಇನ್ನೊಂದು ಚೀಲ ಯೂರಿಯಾ ಹಾಕ್ರಿ, ನೀರು ನಿಲ್ಲಿಸಬ್ಯಾಡ್ರಿ’ ಎಂದು ಒತ್ತಾಯ ಮಾಡಿ ಕೊಟ್ಟರು.

ಹೊಲವೇನೋ ಕಡು ಹಸಿರಾಯಿತು. ನೋಡಿದವರೆಲ್ಲ ಹೊಗಳಿದರು! ಆಮೇಲೆ ಗಿಡದ ನಡುವೆ ಹುಲ್ಲಿನಂಥ ಸಣ್ಣ ಎಲೆಗಳು ಹೊರಟವು. ಕಿತ್ತು ನೋಡಿದರೆ ಗಡ್ಡೆಯೊಳಗಿನ ಎಸಳುಗಳೇ ಹೊಲದಲ್ಲಿ ಚಿಗುರುತ್ತಿದ್ದವು. ಕುತ್ತಿಗೆ ದಪ್ಪ, ಎಸಳು ಒತ್ತಿದರೆ ರಬ್ಬರಿನಂತೆ ಮೆತ್ತಗೆ. ಎಲೆಯ ರಸ ಹೀರುವ ಥ್ರಿಪ್ಸ್ ಎಂಬ ಸಣ್ಣ ಹುಳುವಿನ ಕಾಟವೂ ಜಾಸ್ತಿಯಾಗಿ ಔಷಧಿಯ ಖರ್ಚು ಬೇರೆ. ಮಾರುಕಟ್ಟೆಯಲ್ಲಿ ದಲಾಲರು ಗಡ್ಡೆ ಒಡೆದು ನೋಡಿ ಪಕ್ಕಕ್ಕೆ ಸರಿಸಿದರು. ದರ ಏರಲಿ ಎಂದು ಇಟ್ಟುಕೊಂಡದ್ದು ಮನೆಯಲ್ಲೇ ಕೊಳೆಯಿತು.

ಯೂರಿಯಾ ಕೊಡುವುದು ಸಾರಜನಕ. ಬೆಳ್ಳುಳ್ಳಿಗೆ ಅದು ಬೇಕು, ಆದರೆ ಎಲೆ ಬೆಳೆಯುವ ಕಾಲದಲ್ಲಿ. ಗಡ್ಡೆ ಕಟ್ಟಿದ ಮೇಲೆ ಕೊಟ್ಟರೆ ಗಿಡ ಮಾಗುವುದನ್ನು ಬಿಟ್ಟು ಮತ್ತೆ ಎಲೆ ಬಿಡಲು ಹೊರಡುತ್ತದೆ. ಬಿತ್ತುವಾಗ ಒಂದು ಪಾಲು, ಉಳಿದದ್ದು 30 ಮತ್ತು 45 ದಿನದ ಸುಮಾರಿಗೆ. ಎರಡು ತಿಂಗಳ ನಂತರ ಯೂರಿಯಾ ಮುಟ್ಟಲೇಬೇಡಿ. ಲೆಕ್ಕವನ್ನೂ ನೀವೇ ಮಾಡಿ: 45 ಕಿಲೋ ಯೂರಿಯಾ ಚೀಲದಲ್ಲಿ ಹತ್ತಿರ ಹತ್ತಿರ 21 ಕಿಲೋ ಸಾರಜನಕ ಇರುತ್ತದೆ. ಹೆಕ್ಟೇರಿಗೆ, ಅಂದರೆ ಸುಮಾರು ಎರಡೂವರೆ ಎಕರೆಗೆ, 100 ಕಿಲೋ ಸಾರಜನಕ ಎಂದು ಹಿಡಿದರೆ ಎಕರೆಗೆ ಬೇಕಾದದ್ದು 40 ಕಿಲೋ, ಅಂದರೆ ಎರಡು ಚೀಲದೊಳಗೇ ಮುಗಿಯಿತು. ಬಿತ್ತುವಾಗ ಡಿಎಪಿ (ರಂಜಕದ ಜೊತೆ ಸಾರಜನಕವೂ ಇರುವ ಗೊಬ್ಬರ) ಹಾಕಿದ್ದರೆ ಅದರ 50 ಕಿಲೋ ಚೀಲದಲ್ಲಿ 9 ಕಿಲೋ ಸಾರಜನಕ ಇದೆ, ಅದನ್ನೂ ಕಳೆಯಬೇಕು. ಅಂಗಡಿಯಲ್ಲಿ ಯಾರೂ ಕಳೆಯುವುದಿಲ್ಲ, ಚೀಲ ಖರ್ಚಾಗಬೇಕು ಅಲ್ವಾ?

ನೀರಿನದೂ ಹಾಗೇ. ಇದರ ಬೇರು ಮೇಲ್ಮಟ್ಟದಲ್ಲೇ ಇರುವುದರಿಂದ ಬೆಳೆಯುವಾಗ ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ನೀರು ಬೇಕು. ಒಣಗಲು ಬಿಟ್ಟು ಒಮ್ಮೆಗೇ ಹಾಯಿಸಿದರೆ ಗಡ್ಡೆ ಒಡೆಯುತ್ತದೆ. ಎಲೆ ಹಳದಿಯಾಗಿ ಬಾಗತೊಡಗಿದರೆ ಮೋಟಾರು ಬಂದ್ ಮಾಡಿ. ಎರೆಮಣ್ಣು ತೇವ ಬೇಗ ಬಿಡುವುದಿಲ್ಲ, ಕೀಳುವ ಎರಡು ಮೂರು ವಾರ ಮೊದಲೇ ನಿಲ್ಲಿಸುವುದು ಒಳ್ಳೆಯದು.

ಇಷ್ಟಾದ ಮೇಲೂ ಯಾರಾದರೂ ಕೊನೆಗಾಲದ ಚೀಲ ಕೊಡಲು ಬಂದರೆ, ಯಾವ ಬೆಳೆಗೆ, ಎಷ್ಟನೇ ದಿನಕ್ಕೆ ಎಂದು ಬಿಲ್ಲಿನ ಮೇಲೆ ಬರೆದು ಸಹಿ ಹಾಕಿ ಕೊಡಲು ಹೇಳಿ. ಈ ಸಲ ನಾನು ಕೇಳಿದೆ. ಮಾತು ಬೇರೆ ಕಡೆ ಹೊರಳಿಸಿದರು.