‘ನಾಕ್ ಆಫ್’ ಹುಡುಕಿದರೆ ಗೊತ್ತಾಗುತ್ತೆ: ಲಾಂಗ್‌ಮನ್ ಆನ್‌ಲೈನ್ ಡಿಕ್ಷನರಿ ಹೇಗಿದೆ?

ಇಂಗ್ಲಿಷ್ ಡಿಕ್ಷನರಿಯನ್ನು ಪರೀಕ್ಷಿಸಲು ಭಾರೀ ಪದಗಳೇನೂ ಬೇಡ, ‘ನಾಕ್ ಆಫ್’ ಅಂತ ಹುಡುಕಿದರೆ ಸಾಕು. ಬಿಡಿಯಾಗಿ ನೋಡಿದರೆ ಎರಡೂ ಮಕ್ಕಳಿಗೆ ಗೊತ್ತಿರುವ ಪದಗಳು. ಜೊತೆಗೂಡಿದರೆ ಆರೇಳು ಅರ್ಥ: ಕೆಲಸ ನಿಲ್ಲಿಸಿ ಹೊರಡುವುದು, ಬೆಲೆ ಇಳಿಸುವುದು, ಚಕಚಕನೆ ಬರೆದು ಬಿಸಾಕುವುದು, ಕದಿಯುವುದು, ಕೊಲೆ ಮಾಡುವುದು. ಇನ್ನು ‘ನಾಕ್ ಇಟ್ ಆಫ್!’ ಅಂದರೆ ನಮ್ಮ ‘ಸಾಕು ಮಾಡ್ರೋ!’

ಲಾಂಗ್‌ಮನ್ ವೆಬ್‌ಸೈಟ್ ಉಚಿತ. ವಿವರಣೆಗಳು ಹೆಚ್ಚುಕಡಿಮೆ 2,000 ಸಾಮಾನ್ಯ ಪದಗಳಲ್ಲೇ ಮುಗಿಯುತ್ತವೆ, ಹಾಗಾಗಿ ಒಂದು ಅರ್ಥ ಹುಡುಕಲು ಹೋಗಿ ಇನ್ನೊಂದಕ್ಕೆ ತಡಕಾಡುವ ಪಾಡಿಲ್ಲ.

ಆದರೆ ಇದರ ನಿಜವಾದ ಬೆಲೆ ಇರುವುದು ಎರಡು ತಲೆಯ ಒಂದು ಪುಟ್ಟ ಬಾಣದ ಗುರುತಿನಲ್ಲಿ. ಹೆಚ್ಚಿನವರು ಅದನ್ನು ಗಮನಿಸುವುದೇ ಇಲ್ಲ. ‘ನಾಕ್ ಸಮ್‌ಥಿಂಗ್’ ಮತ್ತು ‘ಆಫ್’ ನಡುವೆ ಬಾಣ ಕಂಡರೆ ಕರ್ಮಪದವನ್ನು ನಡುವೆಯೂ ಇಡಬಹುದು, ಕೊನೆಗೂ ಇಡಬಹುದು ಎಂದರ್ಥ: ‘ನಾಕ್ ಟೆನ್ ಪೌಂಡ್ಸ್ ಆಫ್’, ‘ನಾಕ್ ಆಫ್ ಟೆನ್ ಪೌಂಡ್ಸ್’ ಎರಡೂ ಸರಿ. ಬಾಣ ಹೇಳದೆ ಬಿಡುವ ಸಂಗತಿಯೂ ಒಂದಿದೆ. ‘ಇಟ್’, ‘ದೆಮ್’ ಥರದ ಸರ್ವನಾಮ ಬಂದರೆ ಅದರ ಜಾಗ ನಡುವೆ ಮಾತ್ರ. ‘ನಾಕ್ ಆಫ್ ಇಟ್’ ತಪ್ಪು. ಯಾವುದರಿಂದ ಇಳಿಸಿದ್ದು ಎಂದೂ ಹೇಳುವುದಾದರೆ ಮೊತ್ತ ನಡುವೆಯೇ ಬರಬೇಕು: ‘ನಾಕ್ ಟೆನ್ ಪೌಂಡ್ಸ್ ಆಫ್ ದ ಪ್ರೈಸ್’.

ಕೆಲಸ ನಿಲ್ಲಿಸುವ ಅರ್ಥಕ್ಕೆ ಬಾಣವೂ ಇಲ್ಲ, ‘ಸಮ್‌ಥಿಂಗ್’ ಕೂಡ ಇಲ್ಲ: ‘ವಿ ನಾಕ್ ಆಫ್ ಅಟ್ ಸಿಕ್ಸ್’. ‘ನಾಕ್ ಆಫ್ ವರ್ಕ್’ ನಡೆಯುತ್ತದೆ. ಆ ಜಾಗದಲ್ಲಿ ಮನುಷ್ಯರನ್ನು ತಂದು ಕೂರಿಸಿದಿರೋ, ಕೊಲೆಯೇ ಆಗಿಹೋಯಿತು. ‘ಕೆಲಸ ಮುಗಿಸಿದ’, ‘ಅವನನ್ನು ಮುಗಿಸಿದ’ ಎಂದು ಆಡುವ ನಮಗೆ ಇದೇನೂ ಹೊಸದಲ್ಲ.

ಅರ್ಥದ ಪಕ್ಕದ ಲೇಬಲ್ಲುಗಳನ್ನೂ ಓದಿ. ಕದಿಯುವ ಅರ್ಥ ಬ್ರಿಟಿಷ್ ಆಡುಮಾತು. ‘ಇನ್‌ಫಾರ್ಮಲ್’ ಎಂದು ಇದ್ದರೆ ಸಹೋದ್ಯೋಗಿಗಳ ಜೊತೆ ಹರಟೆಗೆ ಸರಿ, ಕ್ಲೈಂಟ್‌ಗೆ ಕಳಿಸುವ ಮೇಲ್‌ಗೆ ಬೇಡ. ಅಲ್ಲಿ ‘ಲೀವ್’, ‘ರೆಡ್ಯೂಸ್’ ಸಾಕು.

ಕೊರತೆಗಳೂ ಇವೆ. ಕನ್ನಡ ಅರ್ಥ ಸಿಗುವುದಿಲ್ಲ. ಪುಟದ ಕೆಳಗಿನ ಕಾರ್ಪಸ್ (ಜನ ನಿಜವಾಗಿ ಬರೆದ, ಆಡಿದ ಇಂಗ್ಲಿಷಿನ ಸಂಗ್ರಹ) ಉದಾಹರಣೆಗಳು ಹಿಂದುಮುಂದಿಲ್ಲದ ಬಿಡಿ ವಾಕ್ಯಗಳು, ಹೊಸಬರನ್ನು ದಾರಿ ತಪ್ಪಿಸುವುದೇ ಹೆಚ್ಚು. ಮೊದಮೊದಲು ಅತ್ತ ಹೋಗಬೇಡಿ. ‘ನಾಕ್ ಆಫ್’ ಥರದ ಜೋಡಿ ಕ್ರಿಯಾಪದವನ್ನು ಆಡುವಾಗ ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನು ನೀವೇ ಕಿವಿಗೊಟ್ಟು ಹಿಡಿಯಬೇಕು. ಕ್ರಿಯಾಪದವಾದರೆ ಒತ್ತು ‘ಆಫ್’ ಮೇಲೆ. ನಕಲಿ ಮಾಲು ಎಂಬ ಅರ್ಥದ ನಾಮಪದವಾದರೆ ‘ನಾಕ್’ ಮೇಲೆ. ಆ ನಾಮಪದವನ್ನು ಬೇರೆಯಾಗಿಯೇ ಹುಡುಕಬೇಕು.

ಪಿಯುಸಿ ಮಟ್ಟದ ಇಂಗ್ಲಿಷ್ ಓದಿ ಅರ್ಥವಾಗುವವರು ಧಾರಾಳವಾಗಿ ಬಳಸಬಹುದು. ನೋಟ್‌ಬುಕ್‌ಗೆ ಇಳಿಸುವಾಗ ಮಾತ್ರ ಬರೀ ‘ನಾಕ್ ಆಫ್’ ಎಂದು ಬರೆಯದೆ, ‘ಸಮ್‌ಥಿಂಗ್’ ಅಥವಾ ‘ಸಮ್‌ಬಡಿ’ ಸಮೇತ, ಒಂದೊಂದು ಅರ್ಥಕ್ಕೂ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ.