ಡ್ಯಾಕ್‌ಗೊಂದು ಡಬ್ಬಿ, ಆಂಪ್‌ಗೊಂದು ಡಬ್ಬಿ: ನನಗಂತೂ ಬೇಡ

ಮೊದಲೇ ಹೇಳಿಬಿಡುತ್ತೇನೆ. ಮೇಜಿನ ಮುಂದೆ ಕೂತು ಲ್ಯಾಪ್‌ಟಾಪ್‌ನಿಂದ ಸಂಗೀತ ಕೇಳುವವರು ಡ್ಯಾಕ್ (ಡಿಜಿಟಲ್ ಸಂಗೀತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು) ಮತ್ತು ಹೆಡ್‌ಫೋನ್ ಆಂಪ್ (ಆ ಸಂಕೇತಕ್ಕೆ ಬಲ ತುಂಬುವುದು) ಎರಡೂ ಒಂದರಲ್ಲೇ ಇರುವ ಡಬ್ಬಿ ಕೊಳ್ಳುವುದೇ ವಾಸಿ. ಬೇರೆ ಬೇರೆ ಕೊಂಡು ಜೋಡಿಸಿಯೂ ನೋಡಿದ್ದೇನೆ, ಫೋನಿಗೆ ಸಿಕ್ಕಿಸುವ ಬೆರಳುದ್ದದ ಡಾಂಗಲ್‌ನಲ್ಲೂ ಕೇಳಿದ್ದೇನೆ. ಮೇಜಿನ ಮೇಲೆ ಉಳಿದಿರುವುದು ಒಂಟಿ ಡಬ್ಬಿ.

ನನ್ನ ಹೆಡ್‌ಫೋನ್ ಸೆನ್‌ಹೈಸರ್ ಎಚ್‌ಡಿ 600. 1997ರಲ್ಲಿ ಬಂದ ಮಾಡೆಲ್, 300 ಓಮ್, ಅಂದರೆ ಕರೆಂಟಿಗೆ ಒಡ್ಡುವ ತಡೆ ಜಾಸ್ತಿ, ಹೆಚ್ಚು ವೋಲ್ಟ್ ಬೇಡುತ್ತದೆ. ಕೇಳುವುದು ಜಾಸ್ತಿ ಹಳೆಯ ಹಿಂದೂಸ್ತಾನಿ ಕಛೇರಿಗಳನ್ನು: ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಭೀಮಸೇನ ಜೋಶಿ. ಅದೂ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ. ನಿಮ್ಮ ಅಭ್ಯಾಸ ಬೇರೆ ಇದ್ದರೆ ನಿಮ್ಮ ಆಯ್ಕೆಯೂ ಬೇರೆ ಆಗಬಹುದು.

ಡಾಂಗಲ್ ವಿಷಯ ಬೇಗ ಮುಗಿಸುತ್ತೇನೆ. ಸಾವಿರ ರೂಪಾಯಿ ಆಸುಪಾಸಿನ ಒಳ್ಳೆಯ ಡಾಂಗಲ್‌ನ ಸದ್ದಿನಲ್ಲಿ ಕೊಂಕು ತೆಗೆಯುವಂಥದ್ದೇನೂ ಇಲ್ಲ. ಇಯರ್‌ಫೋನ್ ಮಾತ್ರ ಬಳಸುವವರು ಸುಮ್ನೆ ಅದನ್ನೇ ಕೊಳ್ಳಿ, ದುಡ್ಡು ಉಳಿಯುತ್ತದೆ. 300 ಓಮ್ ಹೆಡ್‌ಫೋನ್ ಹಾಕಿದಾಗ ಕಥೆ ಬದಲಾಗುತ್ತದೆ. ಇಂಥ ಡಾಂಗಲ್‌ಗಳಲ್ಲಿ ಹೆಚ್ಚಿನವು ಕೊಡುವುದು 1 ವೋಲ್ಟ್ ಆಸುಪಾಸು. ಅಷ್ಟರಲ್ಲಿ ಈ ಹೆಡ್‌ಫೋನಿಗೆ ಸಿಗುವುದು ಮೂರು ಚಿಲ್ಲರೆ ಮಿಲಿವ್ಯಾಟ್. 2 ವೋಲ್ಟ್ ಕೊಟ್ಟರೆ ಅದು ನಾಲ್ಕು ಪಟ್ಟಾಗಿ 13 ದಾಟುತ್ತದೆ. ಈಗಿನ ಸಿನಿಮಾ ಹಾಡುಗಳಿಗೆ ಆ ಮೂರೇ ಸಾಕು, ಅವನ್ನು ತಯಾರಿಸುವುದೇ ಜೋರಾಗಿ. ಹಳೆ ಕಛೇರಿಯ ನಿಧಾನಗತಿಯ ವಿಲಂಬಿತದಲ್ಲಿ ಮಾತ್ರ ವಾಲ್ಯೂಮ್ ತುದಿ ಮುಟ್ಟಿದ ಮೇಲೂ ಇನ್ನೊಂಚೂರು ಬೇಕು ಅನಿಸುತ್ತದೆ.

ಇನ್ನು ಎರಡು ಡಬ್ಬಿಯ ಜೋಡಿ. ಇದರ ಪರವಾಗಿ ಹೇಳುವ ಮಾತು ಗೊತ್ತೇ ಇದೆ: ಡ್ಯಾಕ್ ಹಳತಾದರೆ ಅದೊಂದನ್ನೇ ಬದಲಾಯಿಸಬಹುದು, ಆಂಪ್ ವರ್ಷಗಟ್ಟಲೆ ಬರುತ್ತದೆ. ಒಪ್ಪುವ ಮಾತೇ. ಆದರೆ ಜೋಡಿಸಿ ಕೂತ ಮೊದಲ ರಾತ್ರಿಯೇ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತರೆ ಸದ್ದು ಮಾಯ. ಸಿಕ್ಕಿಸಿದರೆ ಮತ್ತೆ ಹಾಜರು. ಡ್ಯಾಕ್‌ನಿಂದ ಸದ್ದಿನ ಸಂಕೇತ ತರುವ ಆರ್‌ಸಿಎ ಕೇಬಲ್ ಕಿತ್ತು ಆಂಪ್ ಒಂದನ್ನೇ ಆನ್ ಮಾಡಿದರೆ ಪೂರ್ತಿ ನಿಶ್ಶಬ್ದ. ಅಂದರೆ ಎರಡೂ ಡಬ್ಬಿ ಚೆನ್ನಾಗಿಯೇ ಇವೆ, ಕೆಟ್ಟಿರುವುದು ಅವುಗಳ ಸಂಬಂಧ.

ಆಗುವುದು ಇಷ್ಟು. ಚಾರ್ಜರ್‌ಗೆ ಮೂರು ಪಿನ್, ನನ್ನ ಆಂಪ್‌ಗೂ ಮೂರು ಪಿನ್. ಎರಡಕ್ಕೂ ಗೋಡೆಯ ಅರ್ಥಿಂಗ್ ಸಿಗುತ್ತದೆ. ಇತ್ತ ಯುಎಸ್‌ಬಿ ಕೇಬಲ್, ಡ್ಯಾಕ್, ಆರ್‌ಸಿಎ ಕೇಬಲ್ ಮೂಲಕವೂ ಅವೆರಡು ಒಂದಕ್ಕೊಂದು ಸೇರಿಕೊಂಡಿವೆ. ಒಂದು ದೊಡ್ಡ ಉಂಗುರವಾಯಿತು. ಎರಡು ಅರ್ಥ್ ತುದಿಗಳ ನಡುವೆ ಇರುವ ಅಷ್ಟಿಷ್ಟು ವೋಲ್ಟೇಜ್ ವ್ಯತ್ಯಾಸದಿಂದ ಆರ್‌ಸಿಎ ಕೇಬಲ್‌ನ ಹೊರಕವಚದಲ್ಲಿ ಕರೆಂಟು ಹರಿಯುತ್ತದೆ. ಆಂಪ್ ಪಾಪ ಅದನ್ನೂ ಸಂಗೀತ ಅಂದುಕೊಂಡು ದೊಡ್ಡದು ಮಾಡುತ್ತದೆ. ಇದನ್ನೇ ಗ್ರೌಂಡ್ ಲೂಪ್ ಅನ್ನುವುದು.

ರಾಕ್ ಕೇಳುವವರಿಗೆ ಇದು ಗೊತ್ತೂ ಆಗದಿರಬಹುದು. ತಂಬೂರಿ ಕೇಳುವವನ ಪಾಡು ಬೇರೆ. ನಮ್ಮ ಕರೆಂಟು 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ), ಅದರ ಜೊತೆಗೆ 100ರ ಸದ್ದೂ ಬರುತ್ತದೆ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಗಂಡಸರ ತಂಬೂರಿಯ ಪಂಚಮದ ತಂತಿ ಸುಮಾರು 98 ಹರ್ಟ್ಸ್. 98ರ ಪಕ್ಕ 100 ಕೂತರೆ ಸೆಕೆಂಡಿಗೆ ಎರಡು ಸಲ ಸದ್ದು ಏರಿ ಇಳಿಯುತ್ತದೆ. ತಂಬೂರಿಯನ್ನು ಯಾರೋ ಅರೆಬರೆ ಶ್ರುತಿ ಮಾಡಿಟ್ಟ ಹಾಗೆ! ಗಾಯಕರು ಷಡ್ಜ ಹಿಡಿಯುವ ಮುಂಚೆಯೇ ನನ್ನ ಮೂಡ್ ಹಾಳು.

ಅಂಗಡಿಯವರು "ನಿಮ್ಮ ಮನೆ ಅರ್ಥಿಂಗ್ ಸರಿ ಇಲ್ಲ ಸರ್" ಅಂದರು. ಎಲೆಕ್ಟ್ರೀಷಿಯನ್ ಬಂದು ನೋಡಿ ಸರಿಯಾಗಿದೆ ಅಂದರು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದೆ, ಸದ್ದು ಇಳಿಯಿತು, ಹೋಗಲಿಲ್ಲ. ಯುಎಸ್‌ಬಿ ಐಸೊಲೇಟರ್ (ಡೇಟಾ ಬಿಟ್ಟು ಅರ್ಥ್ ಸಂಪರ್ಕ ತಡೆಯುವ ಪುಟ್ಟ ಸಾಧನ) ಹಾಕಿದರೆ ಉಂಗುರ ತುಂಡಾಗುತ್ತದೆ, ನಿಜ. ಆದರೆ ಅಗ್ಗದವು ಹೆಚ್ಚಾಗಿ 12 ಮೆಗಾಬಿಟ್ ವೇಗದವು, ಎಷ್ಟೋ ಡ್ಯಾಕ್‌ಗಳಿಗೆ ಅದು ಸಾಲದು. 480 ಮೆಗಾಬಿಟ್‌ನದು ಕೊಳ್ಳಲು ಹೋದರೆ ಜೇಬಿಗೆ ಇನ್ನೊಂದು ಕತ್ತರಿ. ಆಪ್ಟಿಕಲ್ ಕೇಬಲ್‌ನಲ್ಲಿ ಹೋಗುವುದು ಬೆಳಕು, ಕರೆಂಟಲ್ಲ, ಹಾಗಾಗಿ ಲೂಪ್‌ನ ಪ್ರಶ್ನೆಯೇ ಇಲ್ಲ. ಆದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಆ ಕಿಂಡಿಯೇ ಇಲ್ಲ. ಪ್ಲಗ್‌ನ ಅರ್ಥ್ ಪಿನ್ ಮುರಿದುಬಿಡಿ ಅಂತ ಸಲಹೆ ಕೊಡುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಆ ಪಿನ್ ಇರುವುದು ನಿಮ್ಮ ಜೀವ ಉಳಿಸುವುದಕ್ಕೆ.

ಒಂಟಿ ಡಬ್ಬಿಯಲ್ಲಿ ಈ ರಗಳೆ ಇಲ್ಲ. ಡ್ಯಾಕ್‌ನಿಂದ ಆಂಪ್‌ಗೆ ಹೋಗುವ ದಾರಿ ಒಂದೇ ಬೋರ್ಡಿನ ಮೇಲೆ ಕೆಲವೇ ಇಂಚು. ನನ್ನದರ ಅಡಾಪ್ಟರ್ ಎರಡು ಪಿನ್ನಿನದು. ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿದ್ದರೂ ಅರ್ಥ್‌ಗೆ ಎರಡನೇ ದಾರಿ ಸಿಗುವುದಿಲ್ಲ, ಉಂಗುರ ಕೂಡುವುದಿಲ್ಲ. ನೀವು ಕೊಳ್ಳುವಾಗ ಅಡಾಪ್ಟರ್‌ನ ಪಿನ್ ಎಣಿಸಿ. ಇದನ್ನು ಹೆಚ್ಚಿನ ರಿವ್ಯೂಗಳಲ್ಲಿ ಹೇಳುವುದಿಲ್ಲ ನೋಡಿ.

ಸದ್ದನ್ನು ಎಷ್ಟು ಪಟ್ಟು ದೊಡ್ಡದು ಮಾಡಬೇಕು ಅಂತ ಆರಿಸುವ ಗೇನ್ ಸ್ವಿಚ್ ಇರಲಿ: ಹೆಡ್‌ಫೋನಿಗೆ ಹೈ, ಇಯರ್‌ಫೋನಿಗೆ ಲೋ. ನನ್ನ ಡಬ್ಬಿಗೂ ಕುಂದುಗಳಿವೆ. ವಾಲ್ಯೂಮ್ ತೀರಾ ಕೆಳಗಿದ್ದಾಗ ಒಂದು ಕಿವಿಗೆ ಸ್ವಲ್ಪ ಜಾಸ್ತಿ ಕೇಳುತ್ತದೆ, ಅಗ್ಗದ ತಿರುಗುಗುಂಡಿಗಳ ಹಣೆಬರಹವೇ ಅದು. ಅಡಾಪ್ಟರ್ ದಪ್ಪಗಿದ್ದು ಪಕ್ಕದ ಸಾಕೆಟ್ಟನ್ನೂ ನುಂಗುತ್ತದೆ.

ಒಳಗಿನ ಡ್ಯಾಕ್ ಚಿಪ್ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. 2020ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಈ ಚಿಪ್ ತಯಾರಿಸುವ ಎಕೆಎಂ ಕಾರ್ಖಾನೆಗೆ ಬೆಂಕಿ ಬಿದ್ದಾಗ ಎಷ್ಟೋ ಕಂಪನಿಗಳು ಅದರ ಪ್ರತಿಸ್ಪರ್ಧಿ ಇಎಸ್‌ಎಸ್‌ನ ಚಿಪ್‌ಗೆ ಹಾರಿದವು. ನಾನು ಎರಡನ್ನೂ ಕೇಳಿದ್ದೇನೆ, ನನ್ನ ಕಿವಿಗಂತೂ ವ್ಯತ್ಯಾಸ ಸಿಕ್ಕಿಲ್ಲ. ಸೆಕೆಂಡಿಗೆ 1,92,000 ಸಲ ಸದ್ದನ್ನು ಅಳೆದು ದಾಖಲಿಸುವ 192 ಕಿಲೋಹರ್ಟ್ಸ್‌ನ ಹೈ-ರೆಸ್ ಕಥೆಯೂ ಅಷ್ಟೇ. ಟೇಪಿನಿಂದ ಬಂದ ಹಳೆ ಕಛೇರಿಗೆ ಸಿಡಿಯ 44.1 ಧಾರಾಳ ಸಾಕು, ಅಲ್ವಾ?

ನನ್ನ ಬಜೆಟ್ 20,000 ರೂಪಾಯಿ. ಅದರೊಳಗೆ ಒಂಟಿ ಡಬ್ಬಿ ಬಂತು, ಮೇಲೆ ಒಂದಿಷ್ಟು ಉಳಿಯಿತು. ಇದರ ಎರಡರಷ್ಟು ಖರ್ಚು ಮಾಡುವವರು, ಬ್ಯಾಲೆನ್ಸ್ಡ್ ಕೇಬಲ್‌ನಲ್ಲಿ (ಸಂಕೇತಕ್ಕೆ ಎರಡು ತಂತಿ ಬಳಸಿ, ಎರಡರಲ್ಲೂ ಸೇರುವ ಗದ್ದಲವನ್ನು ಕಳೆಯುವ ಕೇಬಲ್) ಕೂಡಿಸುವ ಜೋಡಿ ಕೊಳ್ಳುವವರಾದರೆ, ಬೇರೆ ಬೇರೆ ಡಬ್ಬಿಗೆ ಹೋಗಲಿ. ಅಲ್ಲಿ ಈ ಗುಂಯ್ ಕಾಟ ಬಹಳ ಕಡಿಮೆ. ಹಳೆ ಆಂಪ್ ಮಾರಿದೆ. ಡ್ಯಾಕ್ ಈಗ ಹಾಲ್‌ನಲ್ಲಿ ಟಿವಿ ಮತ್ತು ಸ್ಪೀಕರ್ ಆಂಪ್ಲಿಫೈಯರ್ ನಡುವೆ ಇದೆ. ಟಿವಿಯಲ್ಲಿ ಆಪ್ಟಿಕಲ್ ಕಿಂಡಿ ಇರುವುದರಿಂದ ಅಲ್ಲಿ ತಕರಾರಿಲ್ಲದೆ ಕೆಲಸ ಮಾಡುತ್ತಿದೆ.