ಡ್ರಿಲ್ ಮೆಷಿನ್: ಎರವಲೋ, ಬಾಡಿಗೆಯೋ, ಪಾಲೋ?

ಗೋಡೆಗೆ ತೂತು ಕೊರೆಯುವ ಕೆಲಸ ನನಗೆ ಬರೋದು ವರ್ಷಕ್ಕೆ ಎರಡು ಮೂರು ಸಲ. ಅಷ್ಟಕ್ಕೆ ಡ್ರಿಲ್ ಮೆಷಿನ್ ಕೊಂಡು ಸುಮ್ನೆ ಇಟ್ಟುಕೊಳ್ಳೋದು ಯಾಕೆ ಅಂತ ಬೇರೆ ಬೇರೆ ದಾರಿ ಹಿಡಿದು ನೋಡಿದೆ.

ಮೊದಲು ಪಕ್ಕದ ಮನೆಯವರ ಹತ್ತಿರ ಎರವಲು. ದುಡ್ಡಿಲ್ಲ, ಠೇವಣಿ ಇಲ್ಲ. ಎರಡನೇ ಸಲ ತಂದಾಗ ಬಿಟ್, ಅಂದರೆ ತೂತು ಕೊರೆಯುವ ಕಡ್ಡಿ, ಗೋಡೆಯೊಳಗೇ ಮುರಿಯಿತು. ಹೊಸದು ತಂದುಕೊಟ್ಟೆ. "ಪರವಾಗಿಲ್ಲ ಬಿಡಿ" ಅಂದರು, ಪಾಪ. ಆದರೆ ಮತ್ತೆ ಕೇಳೋಕೆ ನನಗೇ ಮುಜುಗರ.

ಆಮೇಲೆ ಆಪ್‌ನಲ್ಲಿ ಬಾಡಿಗೆ. ಮುಜುಗರ ಇಲ್ಲ, ಆದರೆ 20 ನಿಮಿಷದ ಕೆಲಸಕ್ಕೆ ಇಡೀ ದಿನದ ಬಾಡಿಗೆ. ಬಂದ ಮೆಷಿನ್‌ನ ಬಿಟ್ ಹಿಡಿದಿಡುವ ಚಕ್ ಸವೆದಿತ್ತು. ಬಿಟ್ ಅಲ್ಲಾಡಿ ತೂತು ಓರೆಯಾಯಿತು. ನನಗಿಂತ ಮುಂಚೆ ತಂದವರಿಗೂ ಇದು ಗೊತ್ತಾಗಿರಬೇಕು, ಯಾರೂ ಹೇಳಿಲ್ಲ. ಬಾಡಿಗೆ ವಸ್ತುವಿನ ಮೇಲೆ ಮಮತೆ ಹುಟ್ಟೋದು ಕಷ್ಟ. ಅಮೆರಿಕದಲ್ಲಿ ಗಂಟೆ ಲೆಕ್ಕದಲ್ಲಿ ಕಾರು ಬಾಡಿಗೆಗೆ ಕೊಡುವ ಜಿಪ್‌ಕಾರ್ ಬಳಸುವವರನ್ನು ಬಾರ್ಡಿ ಮತ್ತು ಎಕ್‌ಹಾರ್ಟ್ ಎಂಬ ಸಂಶೋಧಕರು ಮಾತನಾಡಿಸಿ 2012ರಲ್ಲಿ ಬರೆದದ್ದೂ ಇದೇ: ಆ ಕಾರು ತಮ್ಮದು ಅಂತ ಅವರಿಗೆ ಅನ್ನಿಸುತ್ತಿರಲಿಲ್ಲ.

ಹಾಗಾದರೆ ನಮ್ಮದೇ ಆದರೆ ಸರಿಹೋಗುತ್ತದಾ? ನಾಲ್ಕು ಜನ ಗೆಳೆಯರು ಸೇರಿ ಒಂದನ್ನು ಕೊಂಡೆವು. ಅದು ಯಾರ ಮನೆಯಲ್ಲಿದೆ ಅಂತ ಹುಡುಕೋದೇ ಒಂದು ಕೆಲಸವಾಯಿತು. ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಾಗ ಇನ್ನೊಬ್ಬರು ಹಾಕಿಸುತ್ತಾರೆ ಅಂತ ನಾಲ್ವರೂ ಕಾದೆವು. ಎರಡು ತಿಂಗಳು ಮೆಷಿನ್ ಹಾಗೇ ಬಿದ್ದಿತ್ತು.

ಕೊನೆಗೆ ಹೋಗಿದ್ದು ಉಪಕರಣ ಲೈಬ್ರರಿಗೆ. ಪುಸ್ತಕದ ಹಾಗೇ ಸಾಮಾನು ಎರವಲು ಕೊಡುತ್ತಾರೆ. ಹೊಸ ಐಡಿಯಾ ಏನಲ್ಲ, ಅಮೆರಿಕದ ಬರ್ಕ್ಲಿ ಸಾರ್ವಜನಿಕ ಗ್ರಂಥಾಲಯ 1979ರಿಂದ ಇದನ್ನು ನಡೆಸುತ್ತಿದೆ. ನನಗೆ ಕೊಟ್ಟ ಮೆಷಿನ್‌ನಲ್ಲಿ ಚಕ್ ಬಿಗಿಯುವ ಕೀಯನ್ನು ವೈರಿಗೇ ದಾರದಿಂದ ಕಟ್ಟಿದ್ದರು, ಕಳೆಯಬಾರದು ಅಂತ. ಪೆಟ್ಟಿಗೆಯ ಮುಚ್ಚಳದ ಒಳಗೆ ಏನೇನಿದೆ ಅನ್ನೋ ಚೀಟಿ. ವಾಪಸ್ ಕೊಡುವಾಗ ಅಲ್ಲಿದ್ದವರು ನನ್ನೆದುರೇ ಒಂದು ಗಳಿಗೆ ಓಡಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ಒಳಗಿಟ್ಟರು. ಇಷ್ಟು ದಿನ ನಾನು ಹುಡುಕುತ್ತಿದ್ದದ್ದು ಇದನ್ನೇ: ಆ ವಸ್ತುವನ್ನು ನೋಡಿಕೊಳ್ಳುವ ಒಬ್ಬರು.

ತೆರೆಯೋದು ವಾರಕ್ಕೆ ಎರಡೇ ದಿನ, ಅದೊಂದು ಕಷ್ಟ. ಆದರೂ ಡ್ರಿಲ್‌ಗೆ ಈಗ ಅಲ್ಲಿಗೇ ಹೋಗುತ್ತೇನೆ. ಏಣಿ ಬೇಕಾದರೆ ಮಾತ್ರ ಪಕ್ಕದ ಮನೆ. ಏಣಿಯಲ್ಲಿ ಮುರಿಯೋದು ಕಡಿಮೆ, ಹಿಡಿದುಕೊಳ್ಳೋಕೆ ಅವರೂ ಬರುತ್ತಾರೆ.